ಸಂಬಳ ಬಿಟ್ಟು ಕಲಿಯಲು ಹೊರಡುವ ಮುನ್ನ

ಓದು ಎಂಬುದು ಬಾಲ್ಯ ಮತ್ತು ಯೌವನದ ಕೆಲಸ, ಅದು ಮುಗಿದ ಬಳಿಕ ದುಡಿಮೆ, ಮದುವೆ, ಮನೆ, ಮಕ್ಕಳು. ನಮ್ಮ ಹಿರಿಯರು ಕಂಡ ಕ್ರಮ ಇದೇ ಆಗಿತ್ತು. ಒಮ್ಮೆ ಸಂಬಳ ತರಲು ಆರಂಭಿಸಿದವನು ಮತ್ತೆ ಪುಸ್ತಕ ಹಿಡಿದು ತರಗತಿಯಲ್ಲಿ ಕುಳಿತುಕೊಳ್ಳುತ್ತಾನೆಂದರೆ ಅವರಿಗೆ ಅಚ್ಚರಿಯಾಗುತ್ತಿತ್ತು. ಆದರೆ ಇಂದು ಬೆಂಗಳೂರಿನ ಕಂಪೆನಿಗಳಲ್ಲಿಯೋ ಗಲ್ಫ್ ರಾಷ್ಟ್ರಗಳಲ್ಲಿಯೋ ಆರೆಂಟು ವರ್ಷ ದುಡಿದವರು ಉದ್ಯೋಗಕ್ಕೆ ರಾಜೀನಾಮೆ ಕೊಟ್ಟು, ಪೂರ್ಣಾವಧಿ ಎಂ.ಬಿ.ಎ. ಕಲಿಯಲು ಹೊರಡುತ್ತಿದ್ದಾರೆ. ನಿಮ್ಮ ಮನೆಯಲ್ಲಿಯೂ ಈ ಮಾತು ಬಂದಿರಬಹುದು. ನೀವೇ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿರಬಹುದು, ಇಲ್ಲವೇ ನಿಮ್ಮ ಮಗನೋ ಅಳಿಯನೋ ಮಗಳೋ ಕೇಳಿರಬಹುದು.

ಈ ತೀರ್ಮಾನವನ್ನು ಕೈಗೊಳ್ಳುವವನು ಒಬ್ಬ. ಅದರ ಭಾರ ಹೊರುವುದು ಇಡೀ ಮನೆ. ಆದ್ದರಿಂದ ಉತ್ಸಾಹದಿಂದ ಜಿಗಿಯುವುದೂ ಸರಿಯಲ್ಲ, ಭಯದಿಂದ ಹಿಂದೆಗೆಯುವುದೂ ಸರಿಯಲ್ಲ. ವಿಷಯವನ್ನು ಬಿಡಿಸಿ ನೋಡೋಣ.

ಕಲಿಕೆಗೆ ಪ್ರಾಯದ ಮಿತಿಯಿಲ್ಲ

ಮೂವತ್ತು ದಾಟಿದ ಮೇಲೆ ಕಲಿಕೆಯೇ ಎಂದು ನಗುವವರಿಗೆ ನಮ್ಮ ಇತಿಹಾಸದಲ್ಲಿ ಉತ್ತರವಿದೆ. ಶಾಫಿಈ ಕರ್ಮಶಾಸ್ತ್ರದ ಮಹಾ ವಿದ್ವಾಂಸರಲ್ಲಿ ಒಬ್ಬರಾದ ಅಬೂಬಕ್ರ್ ಅಲ್ ಕಫ್ಫಾಲ್ ಅಲ್ ಮರ್ವಝಿಯವರು ಬೀಗ ತಯಾರಿಸುವ ಕಸುಬಿನವರು. ಕಫ್ಫಾಲ್ ಎಂಬ ಹೆಸರಿನ ಅರ್ಥವೇ ಬೀಗ ಮಾಡುವವ. ಆ ಕೈಕೆಲಸದಲ್ಲಿ ನಿಪುಣರೆಂದು ಹೆಸರು ಪಡೆದಿದ್ದ ಅವರು ಸುಮಾರು ಮೂವತ್ತನೆಯ ಪ್ರಾಯದಲ್ಲಿ ವಿದ್ಯಾರ್ಜನೆಗೆ ತೊಡಗಿದರು. ಹಿಜರಿ 417ರಲ್ಲಿ ನಿಧನರಾಗುವ ವೇಳೆಗೆ ಖುರಾಸಾನಿನ ವಿದ್ವಾಂಸರು ಅವರ ಶಿಷ್ಯರಾಗಿದ್ದರು. ಪ್ರವಾದಿ(ಸ)ರ ಸಹಾಬಿಗಳಲ್ಲಿಯೂ ಬಹುಮಂದಿ ಸಂಸಾರ ಮತ್ತು ವ್ಯಾಪಾರಗಳ ನಡುವೆ, ಪ್ರಾಯ ಬಲಿತ ಮೇಲೆಯೇ ಕಲಿತವರು.

ಕರ್ಮಶಾಸ್ತ್ರದ ಜ್ಞಾನಕ್ಕೂ ವ್ಯವಹಾರಾಡಳಿತದ ವಿದ್ಯೆಗೂ ಅಂತರವಿದೆ, ನಿಜ. ಆದರೆ ವ್ಯಾಪಾರವನ್ನು ಅರಿತು ಮಾಡುವುದೂ ಹೊಗಳಿಕೆಗೆ ಯೋಗ್ಯವಾದದ್ದೇ. ಹಜ್ರತ್ ಖದೀಜಾ(ರ) ಮಕ್ಕಾದ ಹೆಸರಾಂತ ವ್ಯಾಪಾರಿಯಾಗಿದ್ದರು. ಇಮಾಮ್ ಅಬೂ ಹನೀಫಾ ಕೂಫಾದಲ್ಲಿ ಬಟ್ಟೆಯ ವ್ಯಾಪಾರ ನಡೆಸುತ್ತಿದ್ದರು. ಮದೀನಾಕ್ಕೆ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರರು ತಮ್ಮ ಸಂಪತ್ತಿನ ಅರ್ಧವನ್ನು ಕೊಡಮಾಡಿದಾಗ, ಅವರು ಅದನ್ನು ಸ್ವೀಕರಿಸದೆ ಮಾರುಕಟ್ಟೆಯ ದಾರಿ ಕೇಳಿದರು. ಹಲಾಲ್ ಸಂಪಾದನೆಯ ಸಾಮರ್ಥ್ಯವನ್ನು ಹೆಚ್ಚಿಸಿಕೊಳ್ಳಲು ಕಲಿಯುವುದು ಒಳ್ಳೆಯ ನಿಯ್ಯತ್ತಿನೊಂದಿಗೆ ಪುಣ್ಯಕರ್ಮವೇ ಆಗುತ್ತದೆ.

ಯಾಕಾಗಿ ಹೊರಟಿದ್ದೀರಿ?

ಆದ್ದರಿಂದ ಮೊದಲು ನಿಯ್ಯತ್ತನ್ನೇ ಪರೀಕ್ಷಿಸಿಕೊಳ್ಳಿ. ಒಂದು ಕಾಗದ ತೆಗೆದುಕೊಂಡು, ಈ ಕಲಿಕೆ ಮುಗಿದ ಮೇಲೆ ನಾನು ಯಾವ ಕೆಲಸ ಮಾಡುತ್ತೇನೆ, ಆ ಕೆಲಸ ಇಂದು ನನಗೆ ಯಾಕೆ ಸಿಗುತ್ತಿಲ್ಲ ಎಂಬ ಎರಡು ಪ್ರಶ್ನೆಗಳಿಗೆ ನಾಲ್ಕು ಸಾಲಿನ ಉತ್ತರ ಬರೆಯಿರಿ.

ಎಂಜಿನಿಯರಾಗಿ ಎಂಟು ವರ್ಷ ದುಡಿದವನು ಕಾರ್ಖಾನೆಯ ಆಡಳಿತದ ಹೊಣೆ ವಹಿಸಲು ಬಯಸಿ, ಲೆಕ್ಕಪತ್ರ ಮತ್ತು ಹಣಕಾಸಿನ ಜ್ಞಾನವಿಲ್ಲದೆ ಅಲ್ಲಿಗೆ ತಲುಪಲಾಗದಿದ್ದರೆ, ಅದು ತಕ್ಕ ಕಾರಣ. ತಂದೆಯ ಮರದ ವ್ಯಾಪಾರವನ್ನು ನಾಲ್ಕು ಊರುಗಳಿಗೆ ವಿಸ್ತರಿಸಲು ಬಯಸುವವನದ್ದೂ ತಕ್ಕ ಕಾರಣ. ಆದರೆ ಮೇಲಧಿಕಾರಿಯ ಕಿರುಕುಳದಿಂದ ಪಾರಾಗಲು, ಜೊತೆಯವನು ಹೋದನೆಂದು, ಇಲ್ಲವೇ ಹೆಸರಿನ ಮುಂದೆ ಮೂರಕ್ಷರ ಇರಲಿ ಎಂದು ಹೊರಟರೆ ಹೇಗೆ? ಕಿರುಕುಳಕ್ಕೆ ಬೇರೆ ಕೆಲಸ ಹುಡುಕುವುದೇ ಪರಿಹಾರ. ಅದಕ್ಕೆ ಲಕ್ಷಾಂತರ ರೂಪಾಯಿ ಖರ್ಚು ಮಾಡಬೇಕಾಗಿಲ್ಲ.

ಈ ಸಂಸ್ಥೆಗಳು ಕೂಡಾ ಅರ್ಜಿಯಲ್ಲಿ ಮತ್ತು ಸಂದರ್ಶನದಲ್ಲಿ ಕೇಳುವುದು ಇದನ್ನೇ. ಅಲ್ಲಿ ಕೆಲವರು ತಾವು ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯುತ್ತಾರೆ, ಇಬ್ಬರ ತಂಡವನ್ನು ಇಪ್ಪತ್ತು ಮಂದಿಯದೆನ್ನುತ್ತಾರೆ. ಸತ್ಯವಿಶ್ವಾಸಿಯಾದವನಿಗೆ ಇದು ಭೂಷಣವಲ್ಲ. ಲೋಕದ ದೃಷ್ಟಿಯಿಂದಲೂ ಇದು ಅಪಾಯವೇ. ಹಿಂದಿನ ಉದ್ಯೋಗದ ವಿವರಗಳನ್ನು ಪರಿಶೀಲಿಸುವ ಪದ್ಧತಿ ಅಲ್ಲಿದೆ.

ಸಂಸ್ಥೆಗಳು ಮತ್ತು ಅವಧಿ

ಕೊಲ್ಕತ್ತಾ ಮತ್ತು ಅಹ್ಮದಾಬಾದಿನ ಐ.ಐ.ಎಂ.ಗಳು 1961ರಲ್ಲಿ ಸ್ಥಾಪನೆಯಾದವು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಐ.ಐ.ಎಂ. ಆರಂಭವಾದದ್ದು 1973ರಲ್ಲಿ. ಇವುಗಳ ಮುಖ್ಯ ಶಿಕ್ಷಣಕ್ರಮ ಎರಡು ವರ್ಷದ್ದು. ಅದಕ್ಕೆ ನವೆಂಬರಿನಲ್ಲಿ ನಡೆಯುವ ಕ್ಯಾಟ್ ಪರೀಕ್ಷೆಯ ಮೂಲಕ ಪ್ರವೇಶ. ಕ್ಯಾಟ್ ಬರೆಯಲು ಗರಿಷ್ಠ ಪ್ರಾಯಮಿತಿ ಇಲ್ಲವಾದರೂ, ಅಲ್ಲಿ ಸೇರುವವರಲ್ಲಿ ಹೆಚ್ಚಿನವರು ಪದವಿ ಮುಗಿಸಿ ಒಂದೆರಡು ವರ್ಷವಷ್ಟೇ ಕಳೆದ ಕಿರಿಯರು.

ಹಲವು ವರ್ಷ ದುಡಿದವರಿಗಾಗಿ ಒಂದು ವರ್ಷದ ಪೂರ್ಣಾವಧಿ ಕ್ರಮಗಳು ಬೇರೆಯೇ ಇವೆ. ಅಹ್ಮದಾಬಾದ್ ಐ.ಐ.ಎಂ. 2006ರಲ್ಲಿ ಪಿ.ಜಿ.ಪಿ.ಎಕ್ಸ್. ಎಂಬ ಕ್ರಮವನ್ನೂ ಬೆಂಗಳೂರು ಐ.ಐ.ಎಂ. 2009ರಲ್ಲಿ ಇ.ಪಿ.ಜಿ.ಪಿ. ಎಂಬ ಕ್ರಮವನ್ನೂ ಆರಂಭಿಸಿದವು. ಇಂತಹವುಗಳಿಗೆ ಸಾಮಾನ್ಯವಾಗಿ ಕನಿಷ್ಠ ನಾಲ್ಕೈದು ವರ್ಷಗಳ ಅನುಭವ ಬೇಕು. ಹೈದರಾಬಾದಿನಲ್ಲಿ 2001ರಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಮುಖ್ಯ ಕ್ರಮವೂ ಒಂದು ವರ್ಷದ್ದೇ. ಇವುಗಳ ಪ್ರವೇಶಕ್ಕೆ ಹೆಚ್ಚಾಗಿ ಜಿಮ್ಯಾಟ್ ಪರೀಕ್ಷೆಯ ಅಂಕ ಕೇಳುತ್ತಾರೆ. 2023ರ ನವೆಂಬರಿನಲ್ಲಿ ಈ ಪರೀಕ್ಷೆಯ ಸ್ವರೂಪ ಬದಲಾಗಿದೆ. ಈಗ ಗಣಿತ, ಭಾಷೆ ಮತ್ತು ದತ್ತಾಂಶ ವಿಶ್ಲೇಷಣೆ ಎಂಬ ಮೂರು ಭಾಗಗಳು, ಎರಡೂಕಾಲು ಗಂಟೆ, 64 ಪ್ರಶ್ನೆಗಳು. ಹಳೆಯ ಪುಸ್ತಕ ಕೊಂಡು ತಯಾರಿ ನಡೆಸಬೇಡಿ. ಜಿಮ್ಯಾಟ್ ಅಂಕಕ್ಕೆ ಐದು ವರ್ಷಗಳ ಮಾನ್ಯತೆಯಿರುವುದರಿಂದ, ಕೆಲಸದಲ್ಲಿರುವಾಗಲೇ ಪರೀಕ್ಷೆ ಬರೆದಿಟ್ಟುಕೊಂಡು ಅವಸರವಿಲ್ಲದೆ ತೀರ್ಮಾನಿಸಬಹುದು.

ಇನ್ನೊಂದು ಸಂಗತಿಯನ್ನು ಗಮನಿಸಿ. ಎರಡು ವರ್ಷದ ಕ್ರಮದಲ್ಲಿ ನಡುವೆ ಸುಮಾರು ಎರಡು ತಿಂಗಳು ಯಾವುದಾದರೊಂದು ಕಂಪೆನಿಯಲ್ಲಿ ತರಬೇತಿ ಇರುತ್ತದೆ. ಒಂದು ವರ್ಷದ ಕ್ರಮಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶವಿಲ್ಲ. ತನ್ನ ಕ್ಷೇತ್ರದಲ್ಲೇ ಮೇಲೇರಬಯಸುವವನಿಗೆ ಒಂದು ವರ್ಷ ಸಾಕು. ಕ್ಷೇತ್ರವನ್ನೇ ಬದಲಾಯಿಸುವವನಿಗೆ ಆ ತರಬೇತಿಯ ಕೊರತೆ ಕಾಡಬಹುದು.

ಲೆಕ್ಕ ಮಾಡಿ ನೋಡಿ

ಪ್ರಮುಖ ಸಂಸ್ಥೆಗಳ ಒಂದು ವರ್ಷದ ಕ್ರಮಕ್ಕೆ ಈಗ ಶುಲ್ಕ 30 ಲಕ್ಷ ರೂಪಾಯಿಯನ್ನು ದಾಟಿದೆ. ಅನೇಕರು ಶುಲ್ಕವನ್ನು ಮಾತ್ರ ಲೆಕ್ಕ ಹಾಕುತ್ತಾರೆ, ಬಿಟ್ಟುಹೋದ ಸಂಬಳವನ್ನು ಮರೆಯುತ್ತಾರೆ. ಉದಾಹರಣೆಗೆ, ಒಬ್ಬರ ಕೈಗೆ ವರ್ಷಕ್ಕೆ 12 ಲಕ್ಷ ಬರುತ್ತಿದೆ ಎಂದಿಟ್ಟುಕೊಳ್ಳೋಣ. ಶುಲ್ಕ 30 ಲಕ್ಷ, ಕೈಬಿಟ್ಟ ಸಂಬಳ 12 ಲಕ್ಷ, ಒಟ್ಟು 42 ಲಕ್ಷ. ಕಲಿತು ಹೊರಬಂದ ಮೇಲೆ ತೆರಿಗೆ ಕಳೆದು ಕೈಗೆ ಬರುವ ಸಂಬಳ 21 ಲಕ್ಷವಾದರೆ ವರ್ಷಕ್ಕೆ ಹೆಚ್ಚಳ 9 ಲಕ್ಷ. ಹೂಡಿದ್ದು ಹಿಂದೆ ಬರಲು ನಾಲ್ಕು ವರ್ಷ ಎಂಟು ತಿಂಗಳು ಬೇಕು. ಹೆಚ್ಚಳ 5 ಲಕ್ಷ ಮಾತ್ರವಾದರೆ ಎಂಟು ವರ್ಷಕ್ಕಿಂತಲೂ ಹೆಚ್ಚು. ಕೆಲಸದಲ್ಲೇ ಇದ್ದಿದ್ದರೂ ಸಂಬಳ ಏರುತ್ತಿತ್ತು ಎಂಬುದನ್ನು ಸೇರಿಸಿದರೆ ಕಾಲ ಇನ್ನೂ ನೀಳುತ್ತದೆ. ಇಪ್ಪತ್ತೇಳರ ಪ್ರಾಯದವನಿಗೂ ನಲ್ವತ್ತರವನಿಗೂ ಈ ಲೆಕ್ಕದ ಅರ್ಥ ಬೇರೆ ಬೇರೆ.

ಸರಾಸರಿ ಸಂಬಳವೆಂದು ಜಾಹೀರಾತಿನಲ್ಲಿ ಬರುವ ಅಂಕೆಯನ್ನು ನಂಬಿ ಮೋಸಹೋಗಬೇಡಿ. ಹತ್ತು ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿಗೆ 15 ಲಕ್ಷವೂ ಒಬ್ಬನಿಗೆ ಒಂದು ಕೋಟಿಯೂ ಸಿಕ್ಕಿದರೆ ಸರಾಸರಿ 23.5 ಲಕ್ಷವಾಗುತ್ತದೆ. ಆದರೆ ಆ ಹತ್ತು ಮಂದಿಯಲ್ಲಿ ಅಷ್ಟು ಸಂಬಳ ಪಡೆದವನು ಒಬ್ಬನೂ ಇಲ್ಲ! ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವಿನವನಿಗೆ ಎಷ್ಟು ಸಿಕ್ಕಿತು ಎಂದು ಕೇಳಿ. ನಿಮ್ಮಷ್ಟೇ ಅನುಭವ, ನಿಮ್ಮದೇ ಕ್ಷೇತ್ರದಿಂದ ಬಂದವರಿಗೆ ಏನು ದೊರೆಯಿತು, ಎಷ್ಟು ಮಂದಿಗೆ ದೊರೆಯಲಿಲ್ಲ ಎಂಬುದನ್ನೂ ಕೇಳಿ. ಕಲಿತು ಹೊರಬಂದ ಇಬ್ಬರು ಮೂವರನ್ನು ಕಂಡು ಮಾತಾಡುವುದು ಜಾಹೀರಾತು ಓದುವುದಕ್ಕಿಂತ ಎಷ್ಟೋ ಮೇಲು.

ಬಡ್ಡಿಯ ಪ್ರಶ್ನೆ

ಇಷ್ಟು ಹಣ ಎಲ್ಲಿಂದ? ಬ್ಯಾಂಕುಗಳು ಇಂತಹ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸಾಲ ಕೊಡಲು ತುದಿಗಾಲಲ್ಲಿ ನಿಂತಿರುತ್ತವೆ. ಓದು ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲ ಎಂಬ ಮಾತು ಕಿವಿಗೆ ಇಂಪಾಗಿ ಕೇಳುತ್ತದೆ. ಆದರೆ ಕಂತು ನಿಂತಿದ್ದರೂ ಬಡ್ಡಿ ನಿಂತಿರುವುದಿಲ್ಲ. 30 ಲಕ್ಷ ಸಾಲವನ್ನು ನೂರಕ್ಕೆ 10ರ ಬಡ್ಡಿಯಲ್ಲಿ ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 39,600 ರೂಪಾಯಿಯ ಕಂತು. ಒಟ್ಟು ಕಟ್ಟುವುದು 47 ಲಕ್ಷಕ್ಕೂ ಹೆಚ್ಚು. ಓದುವ ಕಾಲದಲ್ಲಿ ಬೆಳೆದ ಬಡ್ಡಿ ಇದಕ್ಕೆ ಹೊರತು.

ಲೆಕ್ಕಕ್ಕಿಂತ ದೊಡ್ಡ ವಿಷಯವೆಂದರೆ, ಪವಿತ್ರ ಕುರ್‌ಆನ್ ಕಠಿಣವಾಗಿ ನಿಷೇಧಿಸಿರುವ ಕೆಲವೇ ಸಂಗತಿಗಳಲ್ಲಿ ಬಡ್ಡಿಯೂ ಒಂದು. ಪಡೆಯುವವನಂತೆ ಕೊಡುವವನೂ ಅದರಲ್ಲಿ ಪಾಲುದಾರನೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಅನಿವಾರ್ಯ ಸ್ಥಿತಿಯಲ್ಲಿ ನಿಷಿದ್ಧಕ್ಕೆ ವಿನಾಯಿತಿ ಇದೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಪದವಿಯೂ ಉದ್ಯೋಗವೂ ಇದ್ದು, ಮನೆ ನಡೆಯುತ್ತಿದ್ದು, ಇನ್ನೂ ಮೇಲೇರಬೇಕೆಂಬುದಷ್ಟೇ ಬಯಕೆಯಾಗಿದ್ದರೆ ಅದನ್ನು ಅನಿವಾರ್ಯತೆ ಎಂದು ಕರೆಯುವುದು ಕಷ್ಟ. ವಿಶೇಷ ಸನ್ನಿವೇಶವೇನಾದರೂ ಇದ್ದರೆ, ಪೂರ್ತಿ ಲೆಕ್ಕವನ್ನು ಮುಂದಿಟ್ಟು ನೀವು ನಂಬುವ ವಿದ್ವಾಂಸರೊಬ್ಬರಲ್ಲಿ ಕೇಳಿರಿ. ಸಾಲಕ್ಕೆ ಸಹಿ ಹಾಕಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಹಾಗಾದರೆ ದಾರಿಯೇನು? ಮೊದಲನೆಯದು, ಕಾಯುವುದು. ಎರಡು ಮೂರು ವರ್ಷ ಗುರಿಯಿಟ್ಟು ಉಳಿಸಿದರೆ ಭಾರ ಅರ್ಧಕ್ಕಿಳಿಯಬಹುದು. ಹೀಗೆ ಕೂಡಿಟ್ಟ ಹಣ ನಿಸಾಬ್ ತಲುಪಿ ಒಂದು ಚಾಂದ್ರಮಾನ ವರ್ಷ ಕಳೆದರೆ ನೂರಕ್ಕೆ ಎರಡೂವರೆಯಂತೆ ಝಕಾತ್ ಕೊಡಬೇಕೆಂಬುದು ನೆನಪಿರಲಿ. ಎರಡನೆಯದು, ವಿದ್ಯಾರ್ಥಿವೇತನ. ಹೆಚ್ಚಿನ ಸಂಸ್ಥೆಗಳು ಅಂಕ ಮತ್ತು ಅಗತ್ಯ ನೋಡಿ ಶುಲ್ಕದಲ್ಲಿ ಕಡಿತ ಮಾಡುತ್ತವೆ. ಕೇಳಲು ಸಂಕೋಚ ಬೇಡ. ಮೂರನೆಯದು, ಕಂಪೆನಿಯೇ ಶುಲ್ಕ ಭರಿಸಿ, ಮುಗಿಸಿದ ಮೇಲೆ ಇಂತಿಷ್ಟು ವರ್ಷ ದುಡಿಯಬೇಕೆಂದು ಕರಾರು ಮಾಡಿಕೊಳ್ಳುವ ಏರ್ಪಾಡು. ನಿಮ್ಮ ಕಂಪೆನಿಯಲ್ಲಿ ಇದೆಯೇ ವಿಚಾರಿಸಿ. ನಾಲ್ಕನೆಯದು, ಬಂಧುಗಳಿಂದ ಬಡ್ಡಿಯಿಲ್ಲದ ಸಾಲ, ಅಂದರೆ ಕರ್ಝೆ ಹಸನ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ ವೃತ್ತಿಪರ ಶಿಕ್ಷಣಕ್ಕಾಗಿ ಇದೆ. ಯಾವ ಶಿಕ್ಷಣಕ್ಕೆ ಅನ್ವಯ, ವರಮಾನದ ಮಿತಿಯೆಷ್ಟು, ಸಾಲದ ಮೇಲೆ ಏನು ವಸೂಲು ಮಾಡುತ್ತಾರೆ ಎಂಬುದನ್ನು ಆಯಾ ವರ್ಷ ಜಿಲ್ಲಾ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ವಿದೇಶದಲ್ಲಿ ಕಲಿಯುವ ಅಲ್ಪಸಂಖ್ಯಾತರ ಸಾಲದ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುತ್ತಿದ್ದ ಪಢೋ ಪರದೇಶ್ ಯೋಜನೆ 2022-23ರಿಂದ ನಿಂತುಹೋಗಿದೆ. ಅದನ್ನು ನಂಬಿ ಕೂರಬೇಡಿ.

ಬಂಧುಗಳಿಂದ ಪಡೆದ ಸಾಲವನ್ನು ಬರೆದಿಡಿ. ಕುರ್‌ಆನಿನ ಅತ್ಯಂತ ದೀರ್ಘವಾದ ವಚನ, ಅಲ್ ಬಕರಃ ಅಧ್ಯಾಯದ 282ನೆಯದು, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ಅಣ್ಣನಿಗೆ ಕಾಗದವೇಕೆ, ಭಾವನಿಗೆ ಸಾಕ್ಷಿಯೇಕೆ ಎನ್ನುವವರು ಮುಂದೆ ಸಂಬಂಧವನ್ನೇ ಕಳೆದುಕೊಂಡದ್ದನ್ನು ನಾವು ಕಂಡಿದ್ದೇವೆ.

ಮನೆಯವರ ಸಮ್ಮತಿ

ಮಗುವಿನ ಎದೆಹಾಲನ್ನು ಎರಡು ವರ್ಷಕ್ಕೆ ಮುನ್ನ ಬಿಡಿಸಬೇಕಾದರೂ ತಂದೆತಾಯಿ ಪರಸ್ಪರ ಸಮಾಲೋಚಿಸಿ ಒಪ್ಪಬೇಕೆಂದು ಕುರ್‌ಆನ್ ಕಲಿಸುತ್ತದೆ. ಹಾಗಿರುವಾಗ ಇಡೀ ಮನೆಯ ಅನ್ನದ ಪ್ರಶ್ನೆಯನ್ನು ಒಬ್ಬನೇ ತೀರ್ಮಾನಿಸಿ, ಪ್ರವೇಶಪತ್ರ ಬಂದ ದಿನ ಪತ್ನಿಗೆ ತಿಳಿಸುವುದು ಎಷ್ಟರಮಟ್ಟಿಗೆ ಸರಿ?

ಪತ್ನಿ ಮಕ್ಕಳ ಜೀವನಾಂಶ ಪತಿಯ ಹೊಣೆ. ವಿದ್ಯಾರ್ಥಿಯಾದನೆಂಬ ಕಾರಣಕ್ಕೆ ಅದು ಕಳಚಿಹೋಗುವುದಿಲ್ಲ. ಆದ್ದರಿಂದ ಶುಲ್ಕ ಬೇರೆ, ಮನೆಖರ್ಚು ಬೇರೆ ಎಂದು ಎರಡು ಗಂಟು ಕಟ್ಟಿಡಿ. ಕಲಿಕೆಯ ಅವಧಿಯ ಜೊತೆಗೆ, ಕೆಲಸ ಸಿಗಲು ತಡವಾದರೆಂದು ಇನ್ನೂ ಆರು ತಿಂಗಳ ಬಾಡಿಗೆ, ದಿನಸಿ, ಮಕ್ಕಳ ಶಾಲೆ, ತಂದೆತಾಯಿಯ ಔಷಧ ಇವುಗಳಿಗೆ ಸಾಕಾಗುವಷ್ಟು ಇರಲಿ. ಕಂಪೆನಿಯ ಆರೋಗ್ಯ ವಿಮೆ ರಾಜೀನಾಮೆಯೊಂದಿಗೆ ಮುಗಿಯುವುದರಿಂದ ಆಸ್ಪತ್ರೆಯ ಖರ್ಚಿಗೂ ಏನಾದರೂ ಏರ್ಪಾಡು ಬೇಕು.

ಪತ್ನಿಯ ಚಿನ್ನದ ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ. ಮಹ್ರ್ ಆಗಿ ಸಿಕ್ಕಿದ್ದೂ ತವರಿನಿಂದ ಬಂದದ್ದೂ ಅವಳ ಸ್ವಂತ ಸೊತ್ತು. ಅತ್ತೆ ಮಾವಂದಿರ ಎದುರು ಕೇಳಿದರೆ ಅವಳು ಇಲ್ಲವೆನ್ನಲಾರಳು. ಅಂತಹ ಮೌನವನ್ನು ಒಪ್ಪಿಗೆ ಎಂದು ತಿಳಿಯಬಾರದು. ಅವಳು ಮನಸಾರೆ ಕೊಟ್ಟರೂ, ದಾನವೋ ಸಾಲವೋ ಎಂಬುದನ್ನು ಅಂದೇ ಸ್ಪಷ್ಟಪಡಿಸಿ. ಸಾಲವಾದರೆ ಎಷ್ಟು ಪವನು ಎಂದು ಬರೆದು ಅವಳ ಕೈಗೇ ಕೊಡಿ. ಮೊದಲು ತೀರಿಸಬೇಕಾದ ಸಾಲಗಳಲ್ಲಿ ಅದೂ ಇರಲಿ.

ಮಕ್ಕಳಾದ ಮೇಲೆ ಕಲಿಕೆಗೆ ಮರಳಬಯಸುವ ಸಹೋದರಿಯರೂ ಇದ್ದಾರೆ. ಅವರ ಪತಿಯಂದಿರು ಇದನ್ನು ಹೆಣ್ಣಿನ ಹಠವೆಂದು ತಳ್ಳಿಹಾಕದೆ, ಇದೇ ಮಾನದಂಡದಿಂದ ಅಳೆದು ನೋಡಬೇಕು. ಕಾರಣ ತಕ್ಕದ್ದಾಗಿದ್ದರೆ ಒಂದು ವರ್ಷ ಮಕ್ಕಳನ್ನು ನೋಡಿಕೊಳ್ಳುವುದರಿಂದ ಗಂಡಿನ ಗೌರವಕ್ಕೆ ಕುಂದಿಲ್ಲ. ಪ್ರವಾದಿ(ಸ) ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರು.

ತರಗತಿಯೊಳಗೆ

ಹತ್ತು ವರ್ಷ ಇತರರಿಗೆ ಕೆಲಸ ಹೇಳಿದವನು ಕಿರಿಯರ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಿಸಿಕೊಳ್ಳುವುದು ಸುಲಭವಲ್ಲ. ಅಹಂಕಾರವನ್ನು ಬಾಗಿಲ ಬಳಿಯೇ ಬಿಡಬೇಕು. ಪ್ರವಾದಿ ಮೂಸಾ(ಅ) ಕೂಡಾ ತನಗೆ ತಿಳಿಯದ್ದನ್ನು ಕಲಿಯಲು ದೂರ ಪ್ರಯಾಣ ಮಾಡಿ, ಶಿಷ್ಯನಂತೆ ಹಿಂಬಾಲಿಸಿದರೆಂಬ ವೃತ್ತಾಂತ ಅಲ್ ಕಹ್ಫ್ ಅಧ್ಯಾಯದಲ್ಲಿದೆ.

ಅಲ್ಲಿ ಪಾಠದ ಮುಖ್ಯ ವಿಧಾನ, ಹಾರ್ವರ್ಡಿನಲ್ಲಿ ಬೆಳೆದು ಬಂದ ಪ್ರಕರಣ ಪದ್ಧತಿ. ಯಾವುದೋ ಕಂಪೆನಿಯ ನಿಜವಾದ ಸಮಸ್ಯೆಯನ್ನು ಹತ್ತಿಪ್ಪತ್ತು ಪುಟಗಳಲ್ಲಿ ಬರೆದು ಕೊಡುತ್ತಾರೆ. ರಾತ್ರಿ ಓದಿ, ಗುಂಪಿನಲ್ಲಿ ಚರ್ಚಿಸಿ, ಮರುದಿನ ತರಗತಿಯಲ್ಲಿ ತನ್ನ ತೀರ್ಮಾನವನ್ನು ಸಮರ್ಥಿಸಬೇಕು. ಆಡುವ ಮಾತಿಗೂ ಅಂಕವಿದೆ. ಕೆಲಸದ ಅನುಭವ ಇಲ್ಲಿ ಬಹಳ ನೆರವಾಗುತ್ತದೆ. ತೊಡಕಾಗುವುದು ಲೆಕ್ಕಪತ್ರ, ಸಂಖ್ಯಾಶಾಸ್ತ್ರ ಮತ್ತು ಮರೆತುಹೋದ ಗಣಿತ. ಸೇರುವುದಕ್ಕೆ ಮೂರು ತಿಂಗಳು ಮೊದಲೇ ದಿನಕ್ಕೊಂದು ಗಂಟೆ ಇವುಗಳನ್ನು ಅಭ್ಯಾಸ ಮಾಡಿದರೆ ಆರಂಭದ ಬವಣೆ ತಪ್ಪುತ್ತದೆ.

ಹಣಕಾಸಿನ ಪಾಠಗಳಲ್ಲಿ ಬಡ್ಡಿಯೇ ತುಂಬಿದೆ ಎಂದು ಕೆಲವರು ಹಿಂಜರಿಯುತ್ತಾರೆ. ಒಂದು ವ್ಯವಸ್ಥೆ ಹೇಗೆ ನಡೆಯುತ್ತದೆಂದು ಅರಿಯುವುದು ಬೇರೆ, ಅದರಲ್ಲಿ ವ್ಯವಹರಿಸುವುದು ಬೇರೆ. ಅದನ್ನು ಅರಿತವರಿಂದಲೇ ಪರ್ಯಾಯದ ಕೆಲಸವೂ ಸಾಧ್ಯ. ಆದರೆ ಕಲಿತ ಮೇಲೆ ಯಾವ ಕೆಲಸ ಹಿಡಿಯಬೇಕೆಂಬ ಆಯ್ಕೆ ನಿಮ್ಮದು. ಸಾಲದ ಒತ್ತಡವಿಲ್ಲದವನು ಅಲ್ಲಿ ಸ್ವತಂತ್ರನಾಗಿ ಆಯ್ದುಕೊಳ್ಳಬಲ್ಲ; ತಿಂಗಳಿಗೆ ನಲ್ವತ್ತು ಸಾವಿರ ಕಂತು ಕಟ್ಟಬೇಕಾದವನು ಸಿಕ್ಕಿದ್ದನ್ನು ಹಿಡಿಯುತ್ತಾನೆ. ಬಡ್ಡಿಯಿಂದ ದೂರವಿರಬೇಕೆಂಬುದಕ್ಕೆ ಇದೂ ಒಂದು ಕಾರಣ. ಮದ್ಯ ಹರಿಯುವ ಔತಣಗಳಿಗೆ ವಿನಯದಿಂದ ಇಲ್ಲವೆನ್ನಿ. ಜುಮುಆದ ವೇಳೆಗೆ ತರಗತಿ ಬಿದ್ದರೆ ಮೊದಲ ವಾರದಲ್ಲೇ ಅಧ್ಯಾಪಕರೊಡನೆ ಮಾತಾಡಿ. ಮೊದಲೇ ಹೇಳಿದವನ ಮಾತಿಗೆ ಬೆಲೆ ಹೆಚ್ಚು.

ಕೆಲಸ ಬಿಡದೆ ಕಲಿಯುವ ದಾರಿ

ಪೂರ್ಣಾವಧಿ ಕಲಿಕೆ ನಿಮ್ಮ ಪರಿಸ್ಥಿತಿಗೆ ಒಗ್ಗುವುದಿಲ್ಲವಾದರೆ ಬಾಗಿಲು ಮುಚ್ಚಿತೆಂದು ತಿಳಿಯಬೇಡಿ. ಹಜ್ರತ್ ಉಮರ್(ರ) ಮತ್ತು ಅವರ ಅನ್ಸಾರಿ ನೆರೆಯವರು ಸರದಿಯಂತೆ ಪ್ರವಾದಿ(ಸ)ರ ಬಳಿಗೆ ಹೋಗುತ್ತಿದ್ದರು. ಒಬ್ಬರು ಹೋದ ದಿನ ಕೇಳಿದ್ದನ್ನು ಸಂಜೆ ಬಂದು ಇನ್ನೊಬ್ಬರಿಗೆ ತಿಳಿಸುತ್ತಿದ್ದರು. ಹೀಗೆ ದುಡಿಮೆಯೂ ನಡೆಯಿತು, ಕಲಿಕೆಯೂ ನಡೆಯಿತು. ಬೆಂಗಳೂರು ಐ.ಐ.ಎಂ.ನಲ್ಲಿ ಉದ್ಯೋಗದಲ್ಲಿರುವವರಿಗಾಗಿ ಪಿ.ಜಿ.ಪಿ.ಇ.ಎಂ. ಎಂಬ ಕ್ರಮವಿದೆ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಮತ್ತು 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ದೂರಶಿಕ್ಷಣದ ಮೂಲಕ ಎಂ.ಬಿ.ಎ. ಕಲಿಸುತ್ತವೆ; ಇವುಗಳ ಖರ್ಚು ಬಹಳ ಕಡಿಮೆ. ಸಹಪಾಠಿಗಳ ಒಡನಾಟ ಮತ್ತು ಹೊಸ ಕ್ಷೇತ್ರಕ್ಕೆ ಜಿಗಿಯುವ ಅವಕಾಶ ಇವುಗಳಲ್ಲಿ ಅಷ್ಟಿಲ್ಲ. ಆದರೆ ಈಗಿನ ಕೆಲಸದಲ್ಲೇ ಮೇಲೇರಬಯಸುವವನಿಗೆ, ತಂದೆಯ ಅಂಗಡಿಯನ್ನು ಕ್ರಮಬದ್ಧವಾಗಿ ನಡೆಸಬಯಸುವವನಿಗೆ ಇಷ್ಟು ಸಾಕಾಗಬಹುದು.

ಇನ್ನು ಹೊರಡುವುದೇ ಎಂದು ನಿರ್ಧಾರವಾದರೆ, ಈಗಿನ ಕೆಲಸವನ್ನು ಚೆನ್ನಾಗಿ ಮುಗಿಸಿ ಬನ್ನಿ. ಕರಾರಿನಲ್ಲಿರುವ ನೋಟೀಸಿನ ಅವಧಿಯನ್ನು ಪೂರ್ತಿಗೊಳಿಸಿ, ಕೈಯಲ್ಲಿರುವ ಕೆಲಸವನ್ನು ಮುಂದಿನವನಿಗೆ ಸರಿಯಾಗಿ ಒಪ್ಪಿಸಿ. ಮಾಡಿದ ಕರಾರನ್ನು ಪಾಲಿಸುವುದು ವಿಶ್ವಾಸದ ಅಂಶ. ನಾಳೆ ನಿಮ್ಮ ಬಗ್ಗೆ ಒಳ್ಳೆಯ ಮಾತು ಹೇಳಬೇಕಾದವರೂ ಅವರೇ.

ಲೆಕ್ಕ ಮಾಡಿ, ತಿಳಿದವರಲ್ಲಿ ಕೇಳಿ, ಮನೆಯವರೊಡನೆ ಕುಳಿತು ಮಾತಾಡಿ, ಆ ಬಳಿಕ ಎರಡು ರಕಅತ್ ಇಸ್ತಿಖಾರಃ ನಮಾಝ್ ಮಾಡಿ ಅಲ್ಲಾಹನಿಗೆ ಒಪ್ಪಿಸಿರಿ. ಲೆಕ್ಕ ಮಾಡುವ ಶ್ರಮ ತಪ್ಪಿಸಿಕೊಳ್ಳಲು ಇಸ್ತಿಖಾರವನ್ನು ನೆಪ ಮಾಡಬೇಡಿ. ಹೋಗಬೇಕೆಂದು ತೋರಿದರೆ ಧೈರ್ಯದಿಂದ ಹೋಗಿರಿ. ಬೇಡವೆಂದು ತೋರಿದರೆ ಕೈಯಲ್ಲಿರುವ ಹಲಾಲ್ ದುಡಿಮೆಯನ್ನು ಕೃತಜ್ಞತೆಯಿಂದ ಮುಂದುವರಿಸಿರಿ. ಅನ್ನಾಧಾರ ಅಲ್ಲಾಹನ ಕೈಯಲ್ಲಿದೆ. ನಮ್ಮ ಜ್ಞಾನವನ್ನು ಹೆಚ್ಚಿಸುವಂತೆಯೂ, ಆ ಜ್ಞಾನ ನಮ್ಮ ಮನೆಮಂದಿಗೆ ಭಾರವಾಗದೆ ನೆರಳಾಗುವಂತೆಯೂ ಅವನು ಅನುಗ್ರಹಿಸಲಿ.